ಕೈಯಾರೆ ತುಂಬಿದ ತೋಟಾ

ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿ, ಮೇಪಲ್ ಮರಗಳೆಲ್ಲ ಎಲೆಯುದುರಿಸಿ ಬರಿಮೈಯಾಗಿ ನಿಂತಿದ್ದ ಕಾರ್ತಿಕದ ಒಂದು ಸಂಜೆ, ನನ್ನ ಮಗನ ನೆರೆಮನೆಯ ವೃದ್ಧರೊಬ್ಬರು ನನ್ನನ್ನು ತಮ್ಮ ನೆಲಮಾಳಿಗೆಗೆ ಕರೆದೊಯ್ದು, ಅಕ್ಕಸಾಲಿಗನದನ್ನು ಹೋಲುವ ಪುಟ್ಟ ತಕ್ಕಡಿಯೊಂದರ ಮುಂದೆ ಕೂರಿಸಿ, ಬೆರಳಿನಿಂದ ತಿರುಗಿಸುವ ಸಣ್ಣ ಕೊಳವೆಯ ಬಾಯಿಂದ ಶಾವಿಗೆಯ ಚೂರಿನಂಥ ಮದ್ದಿನ ಕಾಳುಗಳನ್ನು ಒಂದೊಂದಾಗಿ ಉದುರಿಸುತ್ತ, ತಕ್ಕಡಿಯ ಮುಳ್ಳು ಗೆರೆಯ ಮೇಲೆ ಬಂದು ನಿಲ್ಲುವವರೆಗೆ ಮಾತನ್ನೂ ಉಸಿರನ್ನೂ ಹಿಡಿದುಕೊಂಡಿದ್ದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದೊಡನೆ ಅಲ್ಲಿ ರೈಫಲ್ಲಿನಿಂದ ಜಿಂಕೆಯನ್ನು ಬೇಟೆಯಾಡುವ ಋತು ತೆರೆಯುತ್ತದೆ. ಹಬ್ಬದ ಮುಂದಿನ ಸೋಮವಾರ ಎಷ್ಟೋ ಶಾಲೆಗಳಿಗೂ ರಜೆ. ಋತುವೆಲ್ಲ ಸೇರಿ ತಾವು ಹೊಡೆಯುವುದು ಹೆಚ್ಚೆಂದರೆ ಎರಡು ಈಡು, ತೂಗಿ ತುಂಬುವುದು ಮಾತ್ರ ಇನ್ನೂರು ತೋಟಾ ಎಂದು ಆತ ನಕ್ಕರು. ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವ ವಸ್ತುವಿಗಾಗಿ ಒಬ್ಬ ಮನುಷ್ಯನು ಇಷ್ಟು ಸಂಜೆಗಳನ್ನು ವ್ಯಯಿಸುವುದೇಕೆ, ವ್ಯಯಿಸಿದ ಮೇಲೆ ಅವನು ನಿಜವಾಗಿ ಆರಿಸತಕ್ಕದ್ದು ಏನನ್ನು ಎಂಬ ಕುತೂಹಲ ನನಗೆ ಹುಟ್ಟಿದ್ದು ಅಲ್ಲಿಯೇ.

ಈ ಬರಹಕ್ಕೆ ‘ಕೈತೋಟಾ’ ಎಂಬ ಹೆಸರನ್ನು ಕೊಡಬಹುದಾಗಿತ್ತು. ಆದರೆ ಓದುಗರು ಅದನ್ನು ಕೈತೋಟವೆಂದೇ ಓದಿ ಬದನೆ ಬೆಂಡೆಗಳನ್ನು ನಿರೀಕ್ಷಿಸಿಯಾರೆಂಬ ಭಯದಿಂದ ಕೈಬಿಟ್ಟಿದ್ದೇನೆ. ತೋಟಾ ಎಂಬುದು ನಾಲ್ಕು ವಸ್ತುಗಳ ಸಂಯೋಗ: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕೂರುವ ಕೇಪು, ಒಳಗಿನ ಮದ್ದು, ಬಾಯಿಯಲ್ಲಿ ಸಿಕ್ಕಿಸಿದ ಗುಂಡು. ಒಮ್ಮೆ ಹಾರಿಸಿದಾಗ ಕೇಪು, ಮದ್ದು, ಗುಂಡು ಮೂರೂ ತೀರಿಹೋಗಿ, ಎಲ್ಲಕ್ಕಿಂತ ಬೆಲೆಬಾಳುವ ಹಿತ್ತಾಳೆಯ ಕೋಶವೊಂದು ಉಳಿಯುತ್ತದೆ. ಅದನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪನ್ನಿಟ್ಟು, ಮದ್ದನ್ನು ತೂಗಿ ಸುರಿದು, ಹೊಸ ಗುಂಡನ್ನು ಕೂರಿಸಿದರೆ ತೋಟಾ ಮರಳಿ ಹುಟ್ಟಿದಂತಾಯಿತು. ಈ ಕಸುಬಿನವರ ತೂಕದ ಮಾನ ಗ್ರೇನ್. ಪೌಂಡಿಗೆ 7000 ಗ್ರೇನ್. ಈ ಲೆಕ್ಕ ನಮಗೆ ಅಪರಿಚಿತವೇನೂ ಅಲ್ಲ, ಏಕೆಂದರೆ ಕಂಪೆನಿ ಸರ್ಕಾರವು 1833ರಲ್ಲಿ ನಮ್ಮ ತೊಲವನ್ನು 180 ಗ್ರೇನ್ ಎಂದೇ ನಿಗದಿಮಾಡಿತ್ತು. ಆದಕಾರಣ 180 ಗ್ರೇನಿನ ಗುಂಡು ಕರಾರುವಾಕ್ಕಾಗಿ ಒಂದು ತೊಲ. ಜಿಂಕೆಗೆ ಬಹುಮಂದಿ ಬಳಸುವ 150 ಗ್ರೇನಿನದು, ತೊಲಕ್ಕೆ 96 ಗುಲಗಂಜಿಯ ಲೆಕ್ಕದಲ್ಲಿ, ಅದಕ್ಕಿಂತ ಹದಿನಾರು ಗುಲಗಂಜಿ ಕಡಮೆ.

ನಮ್ಮ ಮಲೆನಾಡಿನ ಹಿರಿಯರಿಗೆ ಈ ಕಸುಬಿನ ಮೂಲತತ್ತ್ವವನ್ನು ಹೇಳಿಕೊಡಬೇಕಾಗಿಲ್ಲ. ಕೇಪಿನ ಕೋವಿಯ ಕಾಲದಲ್ಲಿ ಪ್ರತಿಯೊಂದು ಈಡೂ ಕೈಯಾರೆ ತುಂಬಿದ್ದೇ ಆಗಿತ್ತಲ್ಲವೆ? ಮಸಿಯನ್ನು ಅಳೆದು ನಳಿಗೆಯ ಬಾಯಿಂದ ಸುರಿದು, ನಾರಿನ ಉಂಡೆಯನ್ನು ಗಜದಿಂದ ಗಟ್ಟಿಸಿ, ಹಂದಿಗಾದರೆ ಗುಂಡನ್ನೂ ಹಕ್ಕಿಗಾದರೆ ಚರೆಯನ್ನೂ ಹಾಕುತ್ತಿದ್ದವನು ಯಾವ ಪ್ರಾಣಿಗೆ ಏನು, ಎಷ್ಟು ಎಂಬ ವಿವೇಚನೆಯನ್ನು ಪ್ರತಿಸಲವೂ ಮಾಡಿಯೇ ತೀರಬೇಕಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬಂದ ಮೇಲೆ ಜಿಂಕೆ ಕಡವೆಗಳ ಬೇಟೆ ಇಲ್ಲಿ ಅಪರಾಧವಾಯಿತು. ಕೊಡಗಿನ ಮನೆಗಳಲ್ಲಿ ಕೋವಿ ಇಂದಿಗೂ ಕೈಲ್‌ಪೊಳ್ದಿನ ದಿನ ಹೂ ಮುಡಿದು ಪೂಜೆಗೊಳ್ಳುತ್ತದೆಯೆಂಬುದು ಬೇರೆ ಮಾತು. ಆದುದರಿಂದ ನಾನು ಬರೆಯುತ್ತಿರುವ ಪ್ರಶ್ನೆ ಇಂದು ಜೀವಂತವಾಗಿರುವುದು ಅಮೆರಿಕದಂಥ ದೇಶಗಳಲ್ಲಿ. ಅಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಐದು ಲಕ್ಷದ ಸುಮಾರಿಗೆ ಇಳಿದುಹೋಗಿದ್ದ ಬಿಳಿಬಾಲದ ಜಿಂಕೆಗಳು, ಮಾರಾಟಕ್ಕಾಗಿ ಕೊಲ್ಲುವುದನ್ನು ತಡೆದ ಶಾಸನಗಳಿಂದಲೂ, 1937ರಲ್ಲಿ ಕೋವಿ ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪೋಷಣೆಗೆಂದೇ ಮೀಸಲಿಟ್ಟ ಪಿಟ್ಮನ್-ರಾಬರ್ಟ್‌ಸನ್ ಕಾಯಿದೆಯಿಂದಲೂ ಮೂರು ಕೋಟಿಯ ಆಸುಪಾಸಿಗೆ ಏರಿ, ಈಗ ತೋಟಗದ್ದೆಗಳಿಗೂ ಹೆದ್ದಾರಿಗಳಿಗೂ ಉಪದ್ರವವಾಗುವಷ್ಟು ಹೆಚ್ಚಿವೆ.

ಇನ್ನು ಆಯ್ಕೆಯ ವಿಚಾರ. ಈ ಹವ್ಯಾಸಿಗಳಲ್ಲಿ ನಡೆಯುವ ವಾದಗಳನ್ನು ಗಮನಿಸಿದರೆ ಒಂದು ಕ್ರಮ ಎದ್ದು ಕಾಣುತ್ತದೆ: ಮೊದಲು ರೈಫಲ್ಲಿನ ಕ್ಯಾಲಿಬರ್, ಎಂದರೆ ನಳಿಗೆಯ ಒಳವ್ಯಾಸ, ಯಾವುದೆಂಬ ಜಗಳ, ಅನಂತರ ಯಾವ ಮದ್ದು ಎಷ್ಟು ವೇಗವನ್ನು ಕೊಡುತ್ತದೆಂಬ ಜಗಳ, ಆಮೇಲೆ ನೂರು ಗಜದಲ್ಲಿ ಗುರಿಹಲಗೆಯ ಮೇಲೆ ಮೂರು ಗುಂಡುಗಳು ಎಷ್ಟು ಒತ್ತಾಗಿ ಬಿದ್ದವೆಂಬ ಹೆಮ್ಮೆ, ಕಡೆಯಲ್ಲಿ ಉಳಿದರೆ ಗುಂಡಿನ ರಚನೆಯ ಮಾತು. ನನ್ನ ಅಭಿಪ್ರಾಯದಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಿದರೆ ಸರಿಹೋಗುತ್ತದೆ. ಕಾಗದಕ್ಕೆ ಬೇಕಾದುದು ತೂತು. ಜಿಂಕೆಗೆ ಬೇಕಾದುದು, ಗುಂಡು ಎದೆಗೂಡನ್ನು ಹೊಕ್ಕೊಡನೆ ಅರಳಿ, ಅರಳಿದರೂ ಒಡೆಯದೆ, ಶ್ವಾಸಕೋಶ ಹೃದಯಗಳನ್ನು ದಾಟಿ ಆಚೆ ಪಕ್ಕೆಯವರೆಗೆ ತಲಪಿ, ಆ ಪ್ರಾಣಿಗೆ ನರಳುವ ಅವಕಾಶವನ್ನೇ ಕೊಡದ ಸಾವು. ಇದನ್ನು ಯಾವ ಗುಂಡು ಯಾವ ವೇಗದಲ್ಲಿ ನೆರವೇರಿಸುತ್ತದೆಂಬುದನ್ನು ನಿಶ್ಚಯಿಸಿಕೊಂಡ ಮೇಲೆಯೇ ಮಿಕ್ಕ ಮೂರು ವಸ್ತುಗಳ ಆಯ್ಕೆಗೆ ಅರ್ಥವುಂಟು.

ಕರಿಮದ್ದಿನ ಕಾಲದಲ್ಲಿ ಈ ಚಿಂತೆಯೇ ಇರಲಿಲ್ಲ. ಬೆರಳುಗಾತ್ರದ ಮೆದು ಸೀಸದ ಗುಂಡು ಮಂದಗತಿಯಿಂದ ಹೋಗಿ ತಾನೇ ತಾನಾಗಿ ಚಪ್ಪಟೆಯಾಗುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಎಂಬ ರಸಾಯನಶಾಸ್ತ್ರಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ವೇಗವು ಸೆಕೆಂಡಿಗೆ 2000 ಅಡಿಯನ್ನು ಮೀರಿತು. ಬರಿಯ ಸೀಸವು ನಳಿಗೆಯ ಸುರುಳಿಗೀರುಗಳಿಗೆ ಬಳಿದುಕೊಳ್ಳತೊಡಗಿದ್ದರಿಂದ ಗುಂಡಿಗೆ ಲೋಹದ ಕವಚವನ್ನು ತೊಡಿಸಬೇಕಾಯಿತು. ಕವಚ ತೊಟ್ಟ ಗುಂಡೋ ಅರಳದೆ, ದಬ್ಬಳದಂತೆ ಚುಚ್ಚಿ ಹೊರಟುಹೋಗುತ್ತಿತ್ತು. ಈ ತೊಡಕಿಗೆ ಪರಿಹಾರವೊಂದು ಹುಟ್ಟಿದ್ದು ನಮ್ಮ ದೇಶದಲ್ಲಿಯೇ. ಕಲ್ಕತ್ತೆಯ ಬಳಿಯ ಡಮ್ ಡಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬ ಅಧಿಕಾರಿಯು ಕವಚದ ಮೂತಿಯನ್ನು ತೆರೆದು ಸೀಸವನ್ನು ಹೊರಗೆ ಕಾಣಗೊಟ್ಟನು, ಗುಂಡು ಅರಳಿತು. ಮನುಷ್ಯನ ಮೇಲೆ ಅದರ ಪರಿಣಾಮವು ಎಷ್ಟು ಘೋರವೆನಿಸಿತೆಂದರೆ, 1899ರಲ್ಲಿ ಹೇಗ್ ನಗರದ ಸಮ್ಮೇಳನವು ಅಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸಕೂಡದೆಂದು ಘೋಷಿಸಿತು. ಆದರೆ ಇಂಗ್ಲೆಂಡಿನ 1991ರ ಜಿಂಕೆ ಶಾಸನವನ್ನು ತೆರೆದು ನೋಡಿ: ಜಿಂಕೆಯ ಮೇಲೆ ಮೆದುಮೂತಿಯ ಅಥವಾ ಟೊಳ್ಳುಮೂತಿಯ ಗುಂಡನ್ನಲ್ಲದೆ ಬೇರೆಯದನ್ನು ರೈಫಲ್ಲಿನಿಂದ ಹಾರಿಸಕೂಡದು! ಯುದ್ಧದಲ್ಲಿ ಕ್ರೌರ್ಯವೆನಿಸಿದ್ದು ಬೇಟೆಯಲ್ಲಿ ಕಾರುಣ್ಯವಾಯಿತು. ಎರಡು ಶಾಸನಗಳಲ್ಲಿಯೂ ನನಗೆ ತಪ್ಪು ಕಾಣುವುದಿಲ್ಲ. ಗಾಯಗೊಂಡ ಸೈನಿಕನಿಗೆ ಆಸ್ಪತ್ರೆಯುಂಟು, ಜಿಂಕೆಗಿಲ್ಲ.

ನೆಲಮಾಳಿಗೆಯ ಗೂಡಿನಲ್ಲಿ ಆ ವೃದ್ಧರು ಎರಡು ಹಳೆಯ ಗುಂಡುಗಳನ್ನು ಜೋಪಾನವಾಗಿ ಇಟ್ಟಿದ್ದರು. ಒಂದು, ಮುಂಭಾಗ ಅಣಬೆಯಂತೆ ಅರಳಿ ಅಂಚು ಹಿಂದಕ್ಕೆ ಸುರುಳಿಗೊಂಡು, ಹಿಂಭಾಗ ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದದ್ದು. ಆಚೆ ಪಕ್ಕೆಯ ಚರ್ಮದ ಕೆಳಗೆ ಸಿಕ್ಕಿದ್ದಂತೆ. ಇನ್ನೊಂದು ಗುಂಡೇ ಅಲ್ಲ, ಬಿಡಿಸಿ ಎಸೆದ ಕಡಲೆಕಾಯಿಯ ಸಿಪ್ಪೆಯಂಥ ತಾಮ್ರದ ಚೂರು. ವೇಗದ ಹುಚ್ಚು ಹಿಡಿದಿದ್ದ ಹರೆಯದಲ್ಲಿ ಹಗುರವಾದ ಗುಂಡೊಂದನ್ನು ಮಿತಿಯ ಅಂಚಿನವರೆಗೆ ಮದ್ದು ತುಂಬಿ ತಾವು ನಲವತ್ತು ಹೆಜ್ಜೆಯ ದೂರದಿಂದ ಹೊಡೆದುದಾಗಿಯೂ, ಅದು ಭುಜದ ಮೂಳೆಯ ಮೇಲೆಯೇ ಸಿಡಿದು ಪುಡಿಯಾಗಿ, ಜಿಂಕೆ ಮೂರು ಕಾಲಿನ ಮೇಲೆ ಓಡಿಹೋಗಿ, ಕತ್ತಲಾಗುವವರೆಗೆ ಹುಡುಕಿದರೂ ಸಿಕ್ಕದೆ, ಮಾರನೆಯ ದಿನ ಕಾಗೆಗಳ ಕೂಗಿನಿಂದ ಗೊತ್ತಾದುದಾಗಿಯೂ ಹೇಳುವಾಗ ಆತ ನನ್ನ ಕಡೆ ನೋಡಲಿಲ್ಲ. ಗುರಿಹಲಗೆಯ ಮೇಲೆ ಅದೇ ಗುಂಡುಗಳು ಒಂದು ರೂಪಾಯಿ ನಾಣ್ಯದೊಳಗೆ ಮೂರು ಬೀಳುತ್ತಿದ್ದವಂತೆ.

ಈ ದೋಷಕ್ಕೆ ಉಪಾಯ ಹುಡುಕಿದವರಲ್ಲಿ ಜಾನ್ ನಾಸ್ಲರನ ಹೆಸರು ಮೊದಲು ಬರುತ್ತದೆ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರಿ ಕಡವೆಯ ಮೇಲೆ ತನ್ನ ವೇಗದ ಗುಂಡುಗಳು ಒಳಹೊಗದೆ ಸೋತುದನ್ನು ಕಂಡು, ಕವಚದ ನಡುವೆ ಅದೇ ಲೋಹದ ಅಡ್ಡಗೋಡೆಯೊಂದನ್ನು ಬಿಟ್ಟು, ಮುಂದಿನ ಕೋಣೆಯ ಸೀಸ ಅರಳಲೆಂದೂ ಹಿಂದಿನ ಕೋಣೆಯದು ಅಖಂಡವಾಗಿ ಮುನ್ನುಗ್ಗಲೆಂದೂ ಯೋಚಿಸಿದ ‘ಪಾರ್ಟಿಷನ್’ ಗುಂಡನ್ನು ಆತನು 1948ರಲ್ಲಿ ಮಾರಾಟಕ್ಕೆ ತಂದನು. ಅದು ಹಲವು ವರ್ಷಗಳ ಕಾಲ ಬಿಡಿ ಗುಂಡಾಗಿ, ಎಂದರೆ ಕೈಯಾರೆ ತುಂಬುವವರಿಗೆ ಮಾತ್ರ, ದೊರೆಯುತ್ತಿತ್ತು. ತೋಟಾ ತುಂಬುವ ಹವ್ಯಾಸಕ್ಕೆ ಆ ದಶಕದಲ್ಲಿ ಬಂದ ಗೌರವದ ಕಾರಣ ಇದರಲ್ಲಿದೆ: ಕಾರ್ಖಾನೆಯು ಎಲ್ಲರಿಗೂ ಒಗ್ಗುವಂಥದನ್ನು ಮಾಡುತ್ತಿತ್ತು, ತನಗೆ ಬೇಕಾದುದನ್ನು ಬಯಸಿದವನು ತಾನೇ ತುಂಬಿಕೊಳ್ಳಬೇಕಾಗಿತ್ತು. ಹಗುರವಾದ ವೇಗದ ಗುಂಡೇ ಮೇಲೆಂದು ವಾದಿಸಿದ ಜ್ಯಾಕ್ ಓಕಾನರ್, ಭಾರವಾದ ದಪ್ಪ ಗುಂಡಿಲ್ಲದೆ ಕಾಡಿಗೆ ಹೋಗಬಾರದೆಂದ ಎಲ್ಮರ್ ಕೀತ್ ಎಂಬ ಬೇಟೆ ಬರಹಗಾರರಿಬ್ಬರ ಪಂಥಗಳು ಪತ್ರಿಕೆಗಳಲ್ಲಿ ಜೀವಮಾನವಿಡೀ ಕಾದಾಡಿದವು. ನಮ್ಮ ದ್ವೈತಾದ್ವೈತ ವಾದಗಳಂತೆ ಇದರಲ್ಲಿಯೂ ಯಾರೂ ಸೋಲಲಿಲ್ಲ. ಆದರೆ ಒಳ್ಳೆಯ ರಚನೆಯ ಗುಂಡುಗಳು ಬಂದ ಮೇಲೆ, ಜಿಂಕೆಯ ಮಟ್ಟಿಗೆ, ವಾದದ ಅಗತ್ಯವೇ ಬಹುಪಾಲು ಹೊರಟುಹೋಯಿತು.

ಹೊಸಬನು ಎಡವುವ ಜಾಗವೊಂದನ್ನು ಇಲ್ಲಿ ಹೇಳಿಬಿಡಬೇಕು. 1895ರ .30-30, 1906ರ .30-06, 1952ರ .308 ಎಂಬ ಮೂರು ತೋಟಾಗಳ ಗುಂಡಿನ ವ್ಯಾಸ ಒಂದೇ, 0.308 ಅಂಗುಲ. ಆದುದರಿಂದ ಅಂಗಡಿಯ ಒಂದೇ ಸಾಲಿನಲ್ಲಿರುವ ಪೆಟ್ಟಿಗೆಗಳು ಮೂರಕ್ಕೂ ಹೊಂದುವಂತೆ ತೋರುತ್ತವೆ. ಆದರೆ ಸೆಕೆಂಡಿಗೆ 2200 ಅಡಿಯಲ್ಲಿ ಹೊರಡುವ .30-30ಗಾಗಿ ಬೇಗ ಅರಳುವಂತೆ ತೆಳುವಾಗಿ ಮಾಡಿದ ಗುಂಡು 2900 ಅಡಿಯಲ್ಲಿ ಛಿದ್ರವಾದೀತು; ವೇಗಕ್ಕೆಂದು ಗಟ್ಟಿಯಾಗಿ ಮಾಡಿದ್ದು ನಿಧಾನದಲ್ಲಿ ಅರಳದೆಯೇ ಹೋದೀತು. ಇನ್ನೂ ಗಂಭೀರವಾದುದು ಮೂತಿಯ ವಿಷಯ. ವಿಂಚೆಸ್ಟರ್ 1894ರಂಥ ಲೀವರಿನ ಕೋವಿಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯೊಳಗೆ ಒಂದರ ಬೆನ್ನಿಗೊಂದು ಸಾಲಾಗಿ ಮಲಗಿರುವುದರಿಂದ, ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಗುಲಿಕೊಂಡೇ ಇರುತ್ತದೆ. ಅಲ್ಲಿ ಗಡುಸಾದ ಚೂಪು ಮೂತಿಯನ್ನಿಟ್ಟರೆ ಕೋವಿಯ ಒದೆತಕ್ಕೆ ಕೊಳವೆಯೊಳಗೇ ತೋಟಾ ಸಿಡಿಯುವ ಸಂಭವವುಂಟು. ಅವುಗಳ ಗುಂಡಿನ ಮೂತಿ ಚಪ್ಪಟೆಯಾಗಿರುವುದು ಅಲಂಕಾರಕ್ಕಲ್ಲ.

ಈ ಶತಮಾನದಲ್ಲಿ ಪ್ರಶ್ನೆಗೆ ಹೊಸದೊಂದು ಮುಖ ಸೇರಿದೆ, ಅದು ಸೀಸದ ವಿಷ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಮಹಾಗೃಧ್ರಗಳು 1982ರ ವೇಳೆಗೆ ಕೇವಲ 22 ಉಳಿದಿದ್ದವು. ಬೇಟೆಗಾರರು ಕಾಡಿನಲ್ಲಿ ಬಿಟ್ಟುಹೋದ ಕರುಳಿನ ರಾಶಿಯನ್ನು ತಿಂದ ಹಕ್ಕಿಗಳ ಹೊಟ್ಟೆಯ ಆಮ್ಲದಲ್ಲಿ ಸೀಸದ ಸೂಕ್ಷ್ಮ ಚೂರುಗಳು ಕರಗಿ ಅವನ್ನು ಕೊಲ್ಲುತ್ತಿದ್ದುದು ಸಿದ್ಧವಾದ ಮೇಲೆ, 2013ರಲ್ಲಿ ಅಂಗೀಕೃತವಾದ ಶಾಸನದಂತೆ 2019ರ ಜುಲೈ 1ರಿಂದ ಆ ಸಂಸ್ಥಾನದಲ್ಲಿ ಬೇಟೆಗೆ ಸೀಸದ ಗುಂಡು ಸಂಪೂರ್ಣ ನಿಷಿದ್ಧವಾಯಿತು. ಮನುಷ್ಯರ ಊಟದ ತಟ್ಟೆಯೂ ಇದರಿಂದ ಹೊರತಲ್ಲ. ಉತ್ತರ ಡಕೋಟದಲ್ಲಿ 2008ರಲ್ಲಿ, ಬಡವರಿಗೆಂದು ದಾನ ಬಂದಿದ್ದ ಜಿಂಕೆಮಾಂಸದ ಪೊಟ್ಟಣಗಳಲ್ಲಿ ಸೀಸದ ಕಣಗಳು ಕಂಡುಬಂದು ಅವನ್ನು ಎಸೆಯಬೇಕಾಯಿತು. ಬೇಗ ಸಿಡಿಯುವ ಗುಂಡುಗಳೇ ಹೆಚ್ಚು ಚೂರುಗಳನ್ನು ಚೆಲ್ಲುವುದರಿಂದ, ಪ್ರಾಣಿಗೆ ಕೆಟ್ಟದ್ದಾದ ಗುಂಡು ಅಡುಗೆಮನೆಗೂ ಕೆಟ್ಟದ್ದೇ.

1989ರಲ್ಲಿ ಬಾರ್ನ್ಸ್ ಸಂಸ್ಥೆಯು ಹೊರತಂದ ಇಡಿಯ ತಾಮ್ರದ ಗುಂಡು ಇದಕ್ಕೆ ಒಂದು ಉತ್ತರ. ಅದು ನಾಲ್ಕು ದಳವಾಗಿ ಅರಳಿ, ತೂಕವನ್ನು ಬಹುಪಾಲು ಉಳಿಸಿಕೊಳ್ಳುತ್ತದೆ. ಆದರೆ ತುಂಬುವವನಿಗೆ ಅದು ಹೊಸ ಪಾಠವನ್ನೇ ಕಲಿಸುತ್ತದೆ. ಸೀಸದ ಸಾಂದ್ರತೆ 11.3ರಷ್ಟಿದ್ದರೆ ತಾಮ್ರದ್ದು 9ರ ಹತ್ತಿರ; ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿ, ಕೋಶದೊಳಗೆ ಆಳವಾಗಿ ಕುಳಿತು ಮದ್ದಿನ ಜಾಗವನ್ನು ತಿನ್ನುತ್ತದೆ; ಸೀಸದ ಗುಂಡಿನ ಲೆಕ್ಕವನ್ನು ಅದಕ್ಕೆ ಹಚ್ಚಿದರೆ ಒತ್ತಡ ಮಿತಿಮೀರಬಹುದು. ಮೇಲಾಗಿ ತಾಮ್ರ ಗಡುಸು, ವೇಗ ಕುಗ್ಗಿದ ಮೇಲೆ ಅರಳಲು ಒಲ್ಲದು. ಆದಕಾರಣ ಅನುಭವಿಗಳು ಸೀಸದಲ್ಲಿ 150 ಗ್ರೇನ್ ಬಳಸುತ್ತಿದ್ದ ಕಡೆ ತಾಮ್ರದಲ್ಲಿ 130ಕ್ಕೆ ಇಳಿದು, ವೇಗವನ್ನು ಕಾಪಾಡಿಕೊಳ್ಳುತ್ತಾರೆ. ಹಗುರ ಗುಂಡನ್ನು ನಂಬಬಾರದೆಂಬ ಹಳೆಯ ಬುದ್ಧಿವಾದವು ಇಲ್ಲಿ ತಿರುಗುಮುರುಗಾದದ್ದು ನನಗೆ ಸ್ವಾರಸ್ಯವಾಗಿ ತೋರಿತು.

ಕ್ಯಾಲಿಬರಿನ ಜಗಳಕ್ಕೆ ಹೆಚ್ಚು ಕಾಗದವನ್ನು ಸವೆಸಲು ನಾನು ಸಿದ್ಧನಿಲ್ಲ. 1955ರ .243ರಿಂದ ಹಿಡಿದು 1925ರ .270, .308, .30-06, 2007ರ 6.5 ಕ್ರೀಡ್‌ಮೂರ್‌ವರೆಗೆ ಯಾವುದೂ, ತಕ್ಕ ಗುಂಡಿದ್ದರೆ, ಬಿಳಿಬಾಲದ ಜಿಂಕೆಗೆ ಸಾಕು. ಬೇಟೆಗಾರ ಜಿಮ್ ಕಾರ್ಬೆಟ್ಟನ .275 ರಿಗ್ಬಿ ಎಂಬುದು 1892ರ ಏಳು ಮಿಲಿಮೀಟರಿನ ಮೌಸರಿಗೆ ಇಂಗ್ಲಿಷರಿಟ್ಟ ಹೆಸರು. ಆತನು ಕೊಂದ ರುದ್ರಪ್ರಯಾಗದ ನರಭಕ್ಷಕ ಚಿರತೆಗೆ ಸಾಕಾದದ್ದು ಜಿಂಕೆಗೆ ಸಾಲದೆನ್ನುವವರು ಬೇರೇನನ್ನೋ ಮಾರುತ್ತಿರಬೇಕು. ಬೆಂಗಳೂರಿನ ಕೆನೆತ್ ಆಂಡರ್ಸನ್, ತೇಜಸ್ವಿಯವರ ಕನ್ನಡದಿಂದ ನಮಗೆ ಇನ್ನಷ್ಟು ಹತ್ತಿರವಾದ ಆತನು, .405 ವಿಂಚೆಸ್ಟರನ್ನು ನೆಚ್ಚಿದ್ದನು. ಅದರ 300 ಗ್ರೇನಿನ ಗುಂಡು ಜಿಂಕೆಗೆ ಅನಾವಶ್ಯಕ.

ಮದ್ದಿನ ವಿಷಯದಲ್ಲಿ ತತ್ತ್ವ ಸರಳ: ದೊಡ್ಡ ಕೋಶಕ್ಕೂ ಭಾರದ ಗುಂಡಿಗೂ ನಿಧಾನವಾಗಿ ಉರಿಯುವುದು, ಸಣ್ಣದಕ್ಕೆ ಬೇಗ ಉರಿಯುವುದು. ಕೆಲವು ಶಾವಿಗೆಯ ತುಣುಕಿನಂತೆ, ಕೆಲವು ಗಸಗಸೆಯಂತೆ, ಕೆಲವು ಹೊಟ್ಟಿನಂತೆ ಇರುತ್ತವೆ. ಕಣ್ಣಿನಿಂದ ನೋಡಿ ಯಾವುದೆಂದು ಹೇಳುವ ಧೈರ್ಯ ಯಾರಿಗೂ ಇರಬಾರದು. ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯದಲ್ಲಿ ಮಿಕ್ಕ ಮದ್ದನ್ನು ಕೊಂಡು ಅಗ್ಗವಾಗಿ ಹಂಚಿದ ಕ್ಯಾನ್ಸಸ್ಸಿನ ಬ್ರೂಸ್ ಹಾಡ್ಜ್‌ಡನ್ ಎಂಬಾತನಿಂದ ಈ ಹವ್ಯಾಸವು ಸಾಮಾನ್ಯರ ಕೈಗೆ ಎಟುಕಿತು; ಓಕಾನರನು ತನ್ನ .270ರಲ್ಲಿ ಮೆಚ್ಚಿ ತುಂಬುತ್ತಿದ್ದ 4831 ಎಂಬುದು ಮೂಲತಃ ಇಂಥದೇ ಫಿರಂಗಿಯ ಮದ್ದು. ಬೇಟೆಗೆ ಮದ್ದನ್ನು ಆರಿಸುವವನು ನೋಡತಕ್ಕ ವಿಶೇಷವೊಂದಿದೆ. ಆಗಸ್ಟಿನ ಸೆಕೆಯಲ್ಲಿ ಪರೀಕ್ಷಿಸಿದ ತೋಟಾವನ್ನು ಹಾರಿಸುವುದು ಡಿಸೆಂಬರಿನ ಹಿಮದಲ್ಲಿ. ಕೆಲವು ಮದ್ದುಗಳು ಬಿಸಿಲಿಗೂ ಚಳಿಗೂ ವೇಗವನ್ನು ಬದಲಿಸುತ್ತವೆ, ಕೆಲವು ಅಷ್ಟಾಗಿ ಬದಲಿಸುವುದಿಲ್ಲ. ಹತ್ತಿಪ್ಪತ್ತು ಅಡಿ ವೇಗ ಕಡಮೆಯಾದರೂ ಎರಡನೆಯದೇ ಮೇಲು. ಎಷ್ಟು ಮದ್ದೆಂಬುದಕ್ಕೆ ತಯಾರಕರ ಕೈಪಿಡಿಯೊಂದೇ ಪ್ರಮಾಣ, ಗೆಳೆಯನ ಚೀಟಿಯಲ್ಲ. ಅಲ್ಲಿ ಕೊಟ್ಟ ಗರಿಷ್ಠಮಿತಿಯ ಬಹಳ ಕೆಳಗಿನಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತ, ಕೋಶವೂ ಕೇಪೂ ತೋರಿಸುವ ಒತ್ತಡದ ಚಿಹ್ನೆಗಳನ್ನು ಪರಿಶೀಲಿಸಬೇಕು. ನಿಧಾನದ ಮದ್ದನ್ನು ವಿಪರೀತ ಕಡಮೆ ಹಾಕುವುದೂ ಅಪಾಯಕರವೆಂಬುದು ಹಲವರಿಗೆ ತಿಳಿಯದು.

ನಿಖರತೆಯ ಮೋಹವನ್ನು ನಾನು ಹಾಸ್ಯಮಾಡುವುದಿಲ್ಲ, ಆದರೆ ಅದರ ಬೆಲೆಯನ್ನು ತೂಗಬೇಕು. ಜಿಂಕೆಯ ಮರ್ಮಸ್ಥಾನ ಸುಮಾರು ಎಂಟು ಅಂಗುಲದ ತಟ್ಟೆಯಷ್ಟಗಲ. ಪೆನ್ಸಿಲ್ವೇನಿಯಾದಂಥ ಕಾಡುಗಳಲ್ಲಿ ಈಡು ಬೀಳುವುದು ಬಹುತೇಕ ನೂರು ಗಜದೊಳಗೆ. ಅಷ್ಟು ದೂರದಲ್ಲಿ ಗುಂಡುಗಳು ಒಂದೂವರೆ ಅಂಗುಲದಲ್ಲಿ ಬೀಳುವುದಕ್ಕೂ ಅರ್ಧ ಅಂಗುಲದಲ್ಲಿ ಬೀಳುವುದಕ್ಕೂ ಜಿಂಕೆಗೆ ವ್ಯತ್ಯಾಸವಿಲ್ಲ. ಮರಗಟ್ಟಿದ ಬೆರಳು, ಏದುಸಿರು, ಎದೆಬಡಿತ ಇವುಗಳಿಂದ ಆಗುವ ವ್ಯತ್ಯಾಸ ಅದಕ್ಕಿಂತ ಎಷ್ಟೋ ಹೆಚ್ಚು. ಕೈಯಾರೆ ತುಂಬುವುದರ ನಿಜವಾದ ಲಾಭ, ಉಳಿತಾಯದ ಹೆಸರಿನಲ್ಲಿ ಮನುಷ್ಯನು ಇನ್ನೂರು ಸಲ ಅಭ್ಯಾಸ ಮಾಡುವುದರಲ್ಲಿದೆ. ಹಣವೇನೂ ಉಳಿಯುವುದಿಲ್ಲ, 2020ರ ಬಳಿಕ ಕೇಪುಗಳೇ ಸಿಕ್ಕದೆ ಬೆಲೆ ಆಕಾಶಕ್ಕೇರಿದಾಗಲಂತೂ ಹಳೆಯ ದಾಸ್ತಾನಿದ್ದವನೇ ಶ್ರೀಮಂತನಾಗಿದ್ದ.

ಕಾನೂನೂ ಆಯ್ಕೆಯನ್ನು ಬಿಗಿಯುತ್ತದೆ. ಕೊಲೊರಾಡೊದಲ್ಲಿ ಜಿಂಕೆಗೆ 0.24 ಅಂಗುಲಕ್ಕೆ ಕಡಮೆಯಿಲ್ಲದ ವ್ಯಾಸ, 70 ಗ್ರೇನಿಗೆ ಕಡಮೆಯಿಲ್ಲದ ಗುಂಡು, ನೂರು ಗಜದಲ್ಲಿ 1000 ಅಡಿ-ಪೌಂಡಿನ ಶಕ್ತಿ ಬೇಕು. ಸಮತಟ್ಟಾದ ಹೊಲಗಳ ನಡುವೆ ಮನೆಗಳು ಹರಡಿರುವ ಒಹಾಯೋದಲ್ಲಿ, ಗುಂಡು ಬಹುದೂರ ಹಾರದಿರಲೆಂದು ಕೋಶದ ಗೋಡೆ ನೇರವಾಗಿರುವ ತೋಟಾಗಳಿಗಷ್ಟೇ ರೈಫಲ್ಲಿನಲ್ಲಿ ಅನುಮತಿ. ಇವೆಲ್ಲಕ್ಕಿಂತ ನನ್ನನ್ನು ಚಕಿತಗೊಳಿಸಿದ್ದು ಟೆಕ್ಸಸ್. ನಮ್ಮ ಬಂಡೀಪುರದ ಚುಕ್ಕೆಜಿಂಕೆಯ ಬಂಧುಗಳನ್ನು 1932ರ ಸುಮಾರಿನಲ್ಲಿ ಅಲ್ಲಿಗೆ ಒಯ್ದು ಬಿಟ್ಟರು; ಕೃಷ್ಣಮೃಗವನ್ನೂ ಒಯ್ದರು. ಹೊರನಾಡಿನ ಪ್ರಾಣಿಗಳೆಂಬ ಕಾರಣದಿಂದ ಅವುಗಳಿಗೆ ಋತುವಿನ ರಕ್ಷಣೆಯೇ ಇಲ್ಲ, ವರ್ಷವಿಡೀ ಹೊಡೆಯಬಹುದು. ಇಲ್ಲಿ ಸೆರೆಮನೆಗೆ ದಾರಿಯಾಗುವ ಕೃತ್ಯ ಅಲ್ಲಿ ಭಾನುವಾರದ ವಿನೋದ. ಚುಕ್ಕೆಜಿಂಕೆಗೆ ಯಾವ ಗುಂಡು ಮೇಲೆಂದು ಅಲ್ಲಿಯ ಜನ ಗಂಭೀರವಾಗಿ ಚರ್ಚಿಸುತ್ತಾರೆ.

ಆ ಸಂಜೆ ತುಂಬುವ ಕೆಲಸ ಮುಗಿದಾಗ ವೃದ್ಧರು ಐವತ್ತು ಕೋಶಗಳನ್ನು ಮರದ ಹಲಗೆಯ ಕುಳಿಗಳಲ್ಲಿ ನಿಲ್ಲಿಸಿ, ಯಾವುದಕ್ಕಾದರೂ ಎರಡು ಸಲ ಮದ್ದು ಬಿದ್ದಿದೆಯೋ, ಯಾವುದಾದರೂ ಬರಿದಾಗಿದೆಯೋ ಎಂದು ಬ್ಯಾಟರಿ ದೀಪ ಹಿಡಿದು ಒಂದೊಂದರ ಬಾಯಿಯಲ್ಲಿಯೂ ಇಣುಕಿ ನೋಡಿದರು. ಮದ್ದಿನ ಡಬ್ಬಿ ಮೇಜಿನ ಮೇಲೆ ಒಂದೇ ಇತ್ತು. ಇನ್ನೊಂದನ್ನು ತೆರೆಯುವ ಮೊದಲು ಇದನ್ನು ಬೀರುವಿಗೆ ಸೇರಿಸುವುದು ಅವರ ನಿಯಮ. ಕೈ ತೊಳೆದು ಬಂದು, ಪಕ್ಕದ ಎರಡು ಪೆಟ್ಟಿಗೆಗಳನ್ನು ತೋರಿಸಿದರು: ಒಂದರಲ್ಲಿ ಹಲವು ವರ್ಷಗಳಿಂದ ನೆಚ್ಚಿದ ಅಡ್ಡಗೋಡೆಯ ಸೀಸದ ಗುಂಡು, ಇನ್ನೊಂದರಲ್ಲಿ ಹೊಸ ತಾಮ್ರದ್ದು. ಮೊಮ್ಮಗಳು ಈಗ ಗಟ್ಟಿ ಆಹಾರ ತಿನ್ನುವಷ್ಟು ದೊಡ್ಡವಳಾಗಿದ್ದಾಳೆ, ಸೊಸೆ ಒಮ್ಮೆ ಮೆಲ್ಲಗೆ ಕೇಳಿದಳು, ಎಂದಷ್ಟೇ ಹೇಳಿ, ಸೀಸದ ಪೆಟ್ಟಿಗೆಯ ಮೇಲೆ ‘ಕಾಗದಕ್ಕೆ’ ಎಂದು ಪೆನ್ಸಿಲಿನಿಂದ ಬರೆದು ಮೇಲಿನ ಗೂಡಿಗೆ ಏರಿಸಿದರು.